ಜರ್ಮನ್ ಊರುಗಳ ತುರ್ತು ನೋಟು: ಯಾವ ಕಟ್ಟಿಗೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

1914ರಿಂದ 1923ರವರೆಗೆ ಜರ್ಮನಿಯ ಸಣ್ಣಪುಟ್ಟ ಊರುಗಳು ತಾವೇ ಅಚ್ಚು ಹಾಕಿಸಿ ಹಂಚಿದ ಕಾಗದದ ದುಡ್ಡಿಗೆ ನೋಟ್‌ಗೆಲ್ಡ್ ಅನ್ನುತ್ತಾರೆ. ಇಲ್ಲಿನ ‘ನೋಟ್’ ನಾವು ಜೇಬಿನಲ್ಲಿಡುವ ನೋಟಲ್ಲ. ಜರ್ಮನ್ ಭಾಷೆಯಲ್ಲಿ ಅದರರ್ಥ ಸಂಕಟ, ತುರ್ತು. ಗೆಲ್ಡ್ ಅಂದರೆ ಹಣ. ನೂರು ವರ್ಷ ದಾಟಿದ ಕಾಗದದ ಹಣದಲ್ಲಿ ಇಷ್ಟು ಅಗ್ಗಕ್ಕೆ, ಇಷ್ಟು ಚೆಂದದ್ದು ಬೇರೆ ಸಿಗುವುದು ಕಷ್ಟ. ಸಾಮಾನ್ಯ ನೋಟೊಂದಕ್ಕೆ ಒಂದೆರಡು ಯೂರೋ ಕೊಟ್ಟರೆ ಸಾಕು. ಅಗ್ಗ ಎಂಬ ಕಾರಣಕ್ಕೇ ಹೊಸಬರು ಆನ್‌ಲೈನ್ ಹರಾಜಿನಲ್ಲಿ ನೂರರ ಕಟ್ಟು, ಇನ್ನೂರರ ಕಟ್ಟು ಎಂದು ಕಣ್ಣುಮುಚ್ಚಿ ಕೊಳ್ಳುತ್ತಾರೆ. ಮನೆಗೆ ಬಂದ ಮೇಲೆ ಅದರಲ್ಲಿ ಅರ್ಧಕ್ಕರ್ಧ ಒಂದೇ ನೋಟಿನ ಪ್ರತಿಗಳು, ಉಳಿದದ್ದು ಅರೆಬರೆ ಸರಣಿ.

ಕೊಳ್ಳುವವರು ಮೊದಲು ಕೇಳಿಕೊಳ್ಳಬೇಕಾದ್ದು ಇಷ್ಟೇ: ಈ ನೋಟು ಅಂಗಡಿಯಲ್ಲಿ ಚಿಲ್ಲರೆಯಾಗಿ ಓಡಾಡಲು ಹುಟ್ಟಿದ್ದೋ, ಆಲ್ಬಮ್ಮಿಗೆ ಸೇರಲೆಂದೇ ಹುಟ್ಟಿದ್ದೋ? ಎರಡನ್ನೂ ನೋಟ್‌ಗೆಲ್ಡ್ ಎಂದೇ ಮಾರುತ್ತಾರೆ. ಎರಡಕ್ಕೂ ಅದರದರ ಬೆಲೆಯಿದೆ. ಆದರೆ ಒಂದರ ದುಡ್ಡು ಕೊಟ್ಟು ಇನ್ನೊಂದನ್ನು ತಂದರೆ ಬೇಸರ ತಪ್ಪಿದ್ದಲ್ಲ.

ಓಡಾಡಿದ ನೋಟಿನಿಂದ ಶುರು ಮಾಡೋಣ. 1914ರ ಆಗಸ್ಟಿನಲ್ಲಿ ಯುದ್ಧ ಶುರುವಾದ ಕೂಡಲೇ ನೋಟು ಕೊಟ್ಟು ಚಿನ್ನ ಪಡೆಯುವ ಹಕ್ಕು ನಿಂತುಹೋಯಿತು. ಜನ ಬೆಳ್ಳಿ ನಾಣ್ಯವನ್ನು ಬಚ್ಚಿಟ್ಟರು. ಮುಂದೆ ತಾಮ್ರ, ನಿಕ್ಕಲ್ ಎಲ್ಲ ಮದ್ದುಗುಂಡಿನ ಕಾರ್ಖಾನೆಗಳಿಗೆ ಹೋಯಿತು. ಕಬ್ಬಿಣ, ಸತು, ಅಲ್ಯೂಮಿನಿಯಂನಲ್ಲಿ ನಾಣ್ಯ ಹೊಡೆದರೂ ಚಿಲ್ಲರೆ ಸಾಲಲಿಲ್ಲ. ಬ್ರೆಡ್ಡಿಗೆ, ಟ್ರಾಮಿಗೆ, ಕೂಲಿಗೆ ಚಿಲ್ಲರೆ ಬೇಕೇ ಬೇಕಲ್ಲ? 1916–17ರ ಹೊತ್ತಿಗೆ ಊರಾಡಳಿತಗಳು 5, 10, 25, 50 ಫೆನಿಗ್‌ನ ಚೀಟಿಗಳನ್ನು ಸ್ಥಳೀಯ ಮುದ್ರಣಾಲಯದಲ್ಲೇ ಹೊಡೆಸಿದವು. ನೂರು ಫೆನಿಗ್ ಸೇರಿದರೆ ಒಂದು ಮಾರ್ಕ್. 1918ರ ಕೊನೆಯಲ್ಲಿ ದೊಡ್ಡ ಮೊತ್ತದ ನೋಟಿಗೂ ಬರ ಬಂದಾಗ ಊರುಗಳೇ 5, 10, 20, 50 ಮಾರ್ಕಿನ ನೋಟನ್ನೂ ಹೊರಡಿಸಿದವು.

ಇಂಥ ಒಂದು 50 ಫೆನಿಗ್ ಚೀಟಿಯನ್ನು ಕೈಯಲ್ಲಿ ಹಿಡಿದು ನೋಡಿ. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ಮೇಲುಗಡೆ ‘ಗುಟ್‌ಶೈನ್’ ಎಂದು ಕೊಂಕುಗೊಂಕಿನ ಫ್ರಾಕ್ಟೂರ್ ಅಕ್ಷರದಲ್ಲಿರುತ್ತದೆ. ಬ್ಯಾಂಕ್ ನೋಟು ಹೊರಡಿಸುವ ಅಧಿಕಾರ ಊರಿಗೆ ಇಲ್ಲದ್ದರಿಂದ ಇದನ್ನು ಪಾವತಿ ಚೀಟಿ ಎಂದು ಕರೆದರು. ಕೆಳಗೆ ಊರಿನ ಹೆಸರು, ‘ಮಾಗಿಸ್ಟ್ರಾಟ್’ ಎಂದು ಆಡಳಿತ ಮಂಡಳಿಯ ಉಲ್ಲೇಖ, ಒಂದೆರಡು ಸಹಿ, ಒತ್ತಿ ಕೂರಿಸಿದ ಕ್ರಮಸಂಖ್ಯೆ. ಕೆಲವದರ ಮೇಲೆ ನೇರಳೆ ಮಸಿಯ ಠಸ್ಸೆ, ಕೆಲವದರಲ್ಲಿ ಮಸಿಯೇ ಇಲ್ಲದೆ ಕಾಗದ ಉಬ್ಬಿಸಿದ ಮುದ್ರೆ. ಬೆಳಕಿಗೆ ಹಿಡಿದರೆ ಅಲೆ, ಚೌಕ, ಹೂವಿನ ನೀರಚ್ಚು ಕಾಣುವುದುಂಟು. ಮಧ್ಯದಲ್ಲಿ ಅಡ್ಡ ಮಡಿಕೆ, ಮೂಲೆ ದುಂಡಾಗಿ ಸವೆದಿರುತ್ತದೆ, ಅಂಚಿಗೆ ಬೆರಳಿನ ಜಿಡ್ಡು. ಚಿತ್ರವೆಂದರೆ ಊರಿನ ಲಾಂಛನ, ಅಷ್ಟೇ. ನೋಡಲು ಸಪ್ಪೆ ಅನ್ನಿಸಬಹುದು. ಆದರೆ ಯುದ್ಧಕಾಲದ ಅಭಾವವನ್ನು ಇಷ್ಟು ಹತ್ತಿರದಿಂದ ತೋರಿಸುವ ವಸ್ತು ಈ ಬೆಲೆಗೆ ಮತ್ತೊಂದಿಲ್ಲ. ಈ ಜಾತಿಯ ನೋಟಿನಲ್ಲಿ ಸವಕಲು ದೋಷವಲ್ಲ. ಹರಿದು ತುಂಡು ಹೋಗಿರಬಾರದು, ಸಂಖ್ಯೆ ಓದಲು ಬರಬೇಕು, ಅಷ್ಟು ಸಾಕು.

ಓಡಾಡಿದ ನೋಟನ್ನು ಗುರುತಿಸಲು ಅವಧಿಯ ಸಾಲನ್ನು ಓದಿ. ಸಾರ್ವಜನಿಕ ಪ್ರಕಟಣೆ ಹೊರಟ ಒಂದು ತಿಂಗಳ ಮೇಲೆ ಚೀಟಿ ನಡೆಯುವುದಿಲ್ಲ ಎಂಬರ್ಥದ ಸಾಲಿದ್ದರೆ, ಅದು ನಿಜವಾಗಿ ಚಲಾವಣೆಗೆಂದು ಬಿಟ್ಟಿದ್ದಕ್ಕೆ ಒಳ್ಳೆಯ ಸುಳಿವು. ‘ಗುಲ್ಟಿಗ್ ಬಿಸ್’, ಅಂದರೆ ಇಂಥ ದಿನದವರೆಗೆ ನಡೆಯುತ್ತದೆ, ಎಂದು ತೀರಾ ಹತ್ತಿರದ ತಾರೀಖು ಹಾಕಿದ್ದು, ಜೊತೆಗೆ ಬಣ್ಣಬಣ್ಣದ ಆರು ಚಿತ್ರಗಳಲ್ಲಿ ಒಂದಾಗಿದ್ದರೆ, ಅದು ಎರಡನೆಯ ಜಾತಿ.

ಆ ಎರಡನೆಯ ಜಾತಿಗೆ ಸೀರಿಯನ್‌ಶೈನೆ ಎಂದು ಹೆಸರು, ಅಂದರೆ ಸರಣಿ ಚೀಟಿ. 1920ರಿಂದ 1922ರ ನಡುಭಾಗದವರೆಗೆ ಇದರ ಸುಗ್ಗಿ. ಆ ಹೊತ್ತಿಗೆ ಊರುಗಳಿಗೆ ಒಂದು ಲೆಕ್ಕ ಹೊಳೆದಿತ್ತು: ನೋಟನ್ನು ಕೊಂಡವನು ಅದನ್ನು ಖರ್ಚು ಮಾಡದೆ ಆಲ್ಬಮ್ಮಿಗೆ ಅಂಟಿಸಿಬಿಟ್ಟರೆ, ಊರು ಅದಕ್ಕೆ ಪ್ರತಿಯಾಗಿ ಹಣ ಕೊಡುವ ಪ್ರಮೇಯವೇ ಬರುವುದಿಲ್ಲ. ಅಚ್ಚಿನ ಖರ್ಚು ಕಳೆದು ಉಳಿದದ್ದೆಲ್ಲ ಬೊಕ್ಕಸಕ್ಕೆ. ಹೀಗೆ ಸಾವಿರಕ್ಕೂ ಹೆಚ್ಚು ಕಡೆಗಳಿಂದ ಸರಣಿಗಳು ಹೊರಬಂದವು. ಲಕೋಟೆಯಲ್ಲಿ ಹಾಕಿ ಅಂಚೆಯಲ್ಲಿ ಮಾರಿದರು. 75 ಫೆನಿಗ್ ಎಂಬ ಮುಖಬೆಲೆ ಕಂಡರೆ ಅಲ್ಲೇ ವಿಷಯ ತಿಳಿಯುತ್ತದೆ. ಜರ್ಮನ್ ಸಾಮ್ರಾಜ್ಯದ ನಾಣ್ಯಗಳಲ್ಲಿ 75 ಫೆನಿಗ್ ಎಂಬುದು ಇರಲೇ ಇಲ್ಲ. 1922ರ ಆರಂಭದಲ್ಲಿ ಒಂದು ಡಾಲರಿಗೆ ಹತ್ತಿರಹತ್ತಿರ 200 ಮಾರ್ಕ್ ಆಗಿದ್ದಾಗ 50 ಫೆನಿಗ್ ಚೀಟಿಯಿಂದ ಕೊಳ್ಳುವುದಾದರೂ ಏನನ್ನು? ಕೊನೆಗೆ 1922ರ ಜುಲೈ 17ರ ಕಾನೂನು ಊರುಗಳ ಈ ವಹಿವಾಟಿಗೆ ತಡೆ ಹಾಕಿತು.

ಹಾಗೆಂದು ಸರಣಿ ಚೀಟಿಯನ್ನು ಹಗುರವಾಗಿ ನೋಡುವುದು ತಪ್ಪು. ಕಲೆಯ ದೃಷ್ಟಿಯಿಂದ ನೋಟ್‌ಗೆಲ್ಡ್‌ನ ಹೆಚ್ಚಿನ ಒಳ್ಳೆಯ ಕೆಲಸ ಇಲ್ಲೇ ಇದೆ. ಮೊದಲ ಖರೀದಿಗೆ ಯಾರು ಕೇಳಿದರೂ ಹೇಳಬಹುದಾದ್ದು ಸಾಲೆ ನದಿಯ ದಂಡೆಯ ನೌಮ್‌ಬುರ್ಗ್ ಊರಿನ 1920ರ 50 ಫೆನಿಗ್ ಸರಣಿ. ವಾಲ್ಟರ್ ಹೇಗೆ ಬರೆದ ಚಿತ್ರಗಳು. ಮುಂದೆ ನೌಮ್‌ಬುರ್ಗ್ ಕೆಥೆಡ್ರಲ್‌ನ ಶಿಲ್ಪಗಳ ಫೋಟೋಗಳಿಂದ ಹೆಸರಾದವರು ಇವರೇ. 1432ರಲ್ಲಿ ಬೊಹೀಮಿಯದ ಹುಸೈಟ್ ಎಂಬ ಕ್ರೈಸ್ತ ಪಂಥದ ದಂಡು ಊರಿಗೆ ಮುತ್ತಿಗೆ ಹಾಕಿತ್ತು, ಶಾಲಾ ಮೇಷ್ಟರು ಬಿಳಿ ಬಟ್ಟೆಯ ಮಕ್ಕಳನ್ನು ಕರೆದುಕೊಂಡು ಹೋಗಿ ದಂಡನಾಯಕ ಪ್ರೊಕೋಪನ ಮುಂದೆ ನಿಲ್ಲಿಸಿದರು, ಅವನ ಮನಸ್ಸು ಕರಗಿ ಮಕ್ಕಳಿಗೆ ಚೆರ್ರಿ ಹಣ್ಣು ಕೊಟ್ಟು ಹೊರಟುಹೋದ ಎಂಬುದು ಊರಿನ ಐತಿಹ್ಯ. ಊರಿನ ಚೆರ್ರಿ ಹಬ್ಬದ ಕತೆ ಇದು. ಇತಿಹಾಸದಲ್ಲಿ ಇದಕ್ಕೆ ಆಧಾರವಿಲ್ಲ, ಆದರೂ ನೋಟಿನಲ್ಲಿ ಜೀವಂತವಾಗಿದೆ. ಎಲ್ಲವೂ ಕಪ್ಪು ನೆರಳುಚಿತ್ರ. ಮುಖದಲ್ಲಿ ಕಣ್ಣಿಲ್ಲ, ಬಾಯಿಲ್ಲ, ಆದರೂ ಹೊಟ್ಟೆ ಮುಂದೆ ಹಾಕಿ ನಿಂತವನ ದರ್ಪ, ಕೈಕೈ ಹಿಡಿದ ಮಕ್ಕಳ ಅಳುಕು ಎರಡೂ ಬರೀ ಹೊರಗೆರೆಯಲ್ಲೇ ಬಂದಿವೆ. ಇಷ್ಟು ಪುಟ್ಟ ಕಾಗದದಲ್ಲಿ ಕತೆ ಹೇಳಲು ನೆರಳುಚಿತ್ರಕ್ಕಿಂತ ಸೂಕ್ತ ವಿಧಾನವಿಲ್ಲ. ಗೆರೆ ತುಂಬಿದ ಚಿತ್ರ ಈ ಅಳತೆಯಲ್ಲಿ ಗಲೀಜಾಗುತ್ತದೆ. ಹಾಮೆಲ್ನ್‌ನ ಇಲಿಗಾರನ ನೋಟುಗಳು ಹೆಚ್ಚು ಪ್ರಸಿದ್ಧ, 1284ರಲ್ಲಿ 130 ಮಕ್ಕಳನ್ನು ಕರೆದೊಯ್ದ ಕೊಳಲಿನವನ ಕತೆ ಎಲ್ಲರಿಗೂ ಗೊತ್ತಿರುವುದರಿಂದ ಬೇಡಿಕೆಯೂ ಜಾಸ್ತಿ. ಆದರೆ ಚಿತ್ರದ ಕೈಚಳಕದಲ್ಲಿ ನೌಮ್‌ಬುರ್ಗ್ ಒಂದು ಕೈ ಮೇಲು.

ದೊಡ್ಡ ಗುರಿ ಇಟ್ಟುಕೊಂಡು ಸಂಗ್ರಹಿಸುವವರಿಗೆ ಮೆಕ್ಲೆನ್‌ಬುರ್ಗ್‌ನ ರಾಯ್ಟರ್‌ಗೆಲ್ಡ್ ಇದೆ. ಆ ಸೀಮೆಯ ಕವಿ ಫ್ರಿಟ್ಸ್ ರಾಯ್ಟರ್ ಹೆಸರಿನಲ್ಲಿ 70 ಊರುಗಳು ಒಟ್ಟಾಗಿ ಹೊರಡಿಸಿದ್ದು; ಪ್ರತಿ ಊರಿಗೆ 10, 25, 50 ಫೆನಿಗ್‌ನ ಮೂರು ನೋಟು, ಒಟ್ಟು 210. ಮೇಲಿನ ಬರಹ ಉತ್ತರ ಜರ್ಮನಿಯ ಆಡುನುಡಿಯಲ್ಲಿದೆ, ಆದ್ದರಿಂದ ಪುಸ್ತಕದ ಜರ್ಮನ್ ಬಲ್ಲವರಿಗೂ ಅದು ತೊಡರುತ್ತದೆ. ಇಲ್ಲಿ ಎಚ್ಚರ ವಹಿಸಬೇಕಾದ್ದು ಎಣಿಕೆಯಲ್ಲಿ. ‘ಪೂರ್ಣ ಸೆಟ್’ ಎಂದು ಬರೆದು ಕೆಲವು ಊರುಗಳ ಒಂದೊಂದು ನೋಟು ಇಲ್ಲದೆ ಮಾರುವುದು ಸಾಮಾನ್ಯ. ಊರುಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಮೂರುಮೂರಾಗಿ ಎಣಿಸಿದ ಮೇಲೆಯೇ ದುಡ್ಡು ಕೊಡಿ. ಬಿಡಿ ಊರಿನ ಮೂರರ ಸೆಟ್ ಕಡಿಮೆ ಬೆಲೆಗೆ ಸಿಗುತ್ತದೆ; 210ನ್ನೂ ಒಂದೊಂದಾಗಿ ಕೂಡಿಸಹೊರಟರೆ ಅಂಚೆ ವೆಚ್ಚವೇ ನೋಟಿನ ಬೆಲೆ ಮೀರುತ್ತದೆ. ಪೂರ್ತಿ ಬೇಕೆಂದಿದ್ದರೆ ಒಂದೇ ಸಲಕ್ಕೆ ಕೊಳ್ಳುವುದು ಲಾಭ.

ಒಂದು ಮಾತನ್ನು ಮುಚ್ಚಿಡಬಾರದು. ಈ ಸರಣಿಗಳಲ್ಲಿ ಎಲ್ಲವೂ ಕತೆ, ಹಬ್ಬ, ಕೋಟೆ ಕೊತ್ತಲವಲ್ಲ. ಯೆಹೂದಿಗಳನ್ನು ಹೀಯಾಳಿಸುವ ವ್ಯಂಗ್ಯಚಿತ್ರಗಳಿವೆ, ಕಳೆದುಕೊಂಡ ವಸಾಹತುಗಳಿಗಾಗಿ ಹಲುಬುವ ನೋಟುಗಳಿವೆ, ಸೋಲಿನ ಸಿಟ್ಟನ್ನು ಕಾರುವವೂ ಇವೆ. ಮಾರುವವರು ಇವನ್ನು ‘ಹಾಸ್ಯ’ ಎಂಬ ತಲೆಬರಹದಡಿ ಸೇರಿಸಿರುತ್ತಾರೆ. ಹಿಂಬದಿಯ ಫೋಟೋ ನೋಡದೆ ಕೊಂಡು ಮಕ್ಕಳ ಕೈಗೆ ಉಡುಗೊರೆ ಕೊಡಬೇಡಿ. ಆ ಕಾಲದ ದಾಖಲೆಯಾಗಿ ಇಟ್ಟುಕೊಳ್ಳುವವರು ಅದು ಏನೆಂದು ತಿಳಿದು ಇಟ್ಟುಕೊಳ್ಳಲಿ.

ಇನ್ನು ಬೆರಕೆ ಕಟ್ಟು. ಇದಕ್ಕೆ ನಮ್ಮ ಶಿಫಾರಸು ಇಲ್ಲ. ಸರಣಿಯ ಬೆಲೆ ಇರುವುದು ಅದು ಇಡಿಯಾಗಿರುವುದರಲ್ಲಿ. ಕತೆಯ ಆರು ಚಿತ್ರದಲ್ಲಿ ಎರಡು ಕೈಗೆ ಬಂದರೆ ಉಳಿದ ನಾಲ್ಕನ್ನು ಹುಡುಕಲು ಮತ್ತೆ ಇಡೀ ಸೆಟ್ಟನ್ನೇ ಕೊಳ್ಳಬೇಕಾಗುತ್ತದೆ. ಇನ್ನೊಂದು, ಕಟ್ಟಿನಲ್ಲಿ ಮುಖಬೆಲೆ ‘ಹೆಲ್ಲರ್’ ಎಂದಿರುವ ನೋಟು ಕಂಡರೆ ಅದು ಜರ್ಮನಿಯದಲ್ಲ, ಆಸ್ಟ್ರಿಯದ ಹಳ್ಳಿಗಳದು. 1920ರ ಸುಮಾರಿಗೆ ಅಲ್ಲೂ ಇದೇ ಭರಾಟೆ ನಡೆದಿತ್ತು. ಕಟ್ಟು ದಪ್ಪ ಕಾಣಲೆಂದು ಇವನ್ನು ತುಂಬಿರುತ್ತಾರೆ. ಕಟ್ಟನ್ನು ಕೊಳ್ಳಲೇಬೇಕೆಂದರೆ ಎಲ್ಲ ನೋಟುಗಳನ್ನೂ ಹರಡಿ ತೆಗೆದ ಫೋಟೋ ಕೇಳಿ, ಎರಡೂ ಬದಿಯದು. ಕೊಡಲು ಹಿಂಜರಿದರೆ ಬಿಟ್ಟುಬಿಡಿ.

ಇದಕ್ಕಿಂತ ಸರಿಯಾದ ದಾರಿ, ಮೂಲ ಲಕೋಟೆಯೊಂದಿಗೆ ಬರುವ ಒಂದೇ ಊರಿನ ಸರಣಿ. ಸರಣಿಯಲ್ಲಿ ಎಷ್ಟು ನೋಟಿರಬೇಕು ಎಂಬುದನ್ನು ಮಾರುವವರ ಮಾತಿನ ಮೇಲೆ ನಂಬಬೇಡಿ. ಸರಣಿ ಚೀಟಿಗಳಿಗೆ ಗ್ರಾಬೋವ್ಸ್ಕಿ ಮತ್ತು ಮೆಹ್ಲ್ ಅವರ ಕ್ಯಾಟಲಾಗ್ ಸಂಖ್ಯೆಯನ್ನೇ ವ್ಯಾಪಾರದಲ್ಲಿ ಬಳಸುತ್ತಾರೆ; ಆ ಸಂಖ್ಯೆ ಕೊಡಿ ಎಂದು ಕೇಳಿ, ಅದರಲ್ಲಿರುವ ಎಣಿಕೆಯೊಂದಿಗೆ ತಾಳೆ ನೋಡಿ. ಒಂದೇ ಸರಣಿ ಬೇರೆ ಬೇರೆ ಕಾಗದ, ಬೇರೆ ಬೇರೆ ಸಂಖ್ಯೆಯ ಅಚ್ಚಿನಲ್ಲಿ ಬಂದಿರಬಹುದು, ಆಗ ಬೆಲೆಯೂ ಬೇರೆ. ಊರಿನ ಹೆಸರಿನ ಮುಂದಿನ ಬಾಲವನ್ನೂ ಓದಿ. ನೊಯ್‌ಸ್ಟಾಟ್ ಎಂಬ ಹೆಸರಿನ ಊರುಗಳು ಹಲವಾರು. ಯಾವ ನದಿಯ ಮೇಲಿನದು, ಯಾವ ಸೀಮೆಯದು ಎಂದು ನೋಟಿನಲ್ಲೇ ಮೊಟಕಾಗಿ ಬರೆದಿರುತ್ತದೆ. ಫ್ರಾಕ್ಟೂರ್‌ನಲ್ಲಿ ಉದ್ದದ ‘ಎಸ್’ ಅಕ್ಷರ ‘ಎಫ್’ನಂತೆ ಕಾಣುವುದರಿಂದ ಹೆಸರನ್ನು ತಪ್ಪಾಗಿ ಓದಿ ತಪ್ಪು ಪಟ್ಟಿಗೆ ಸೇರಿಸುವುದು ಮಾರುವವರಲ್ಲೂ ಇದೆ. ಗಡಿ ಬದಲಾದದ್ದೂ ನೆನಪಿರಲಿ: ನೋಟಿನ ಮೇಲಿನ ಬುನ್ಸ್‌ಲೌ ಈಗ ಪೋಲೆಂಡಿನ ಬೊಲೆಸ್ಲಾವಿಯೆಟ್ಸ್, ಟಿಲ್ಸಿಟ್ ಈಗ ರಷ್ಯಾದ ಸೊವೆಟ್ಸ್ಕ್, ಟೋಂಡರ್ನ್ ಡೆನ್ಮಾರ್ಕಿನಲ್ಲಿದೆ.

1923ರ ಹಣದುಬ್ಬರದ ನೋಟುಗಳ ಸ್ವಭಾವವೇ ಬೇರೆ. ಹೆಚ್ಚಿನವಕ್ಕೆ ಚಿತ್ರವಿಲ್ಲ, ಸಂಭ್ರಮವಿಲ್ಲ. ಕಾಗದ ತೆಳು, ಅನೇಕವಕ್ಕೆ ಒಂದೇ ಬದಿಯಲ್ಲಿ ಅಚ್ಚು. ಮೊತ್ತ ದಿನದಿನಕ್ಕೆ ಹಳತಾಗುತ್ತಿದ್ದುದರಿಂದ ಹಳೆಯ ನೋಟಿನ ಮೇಲೇ ಕೆಂಪು ಮಸಿಯಲ್ಲಿ ಹೊಸ ಮೊತ್ತ ಹೊಡೆದ ಉದಾಹರಣೆಗಳೂ ಸಿಗುತ್ತವೆ. ಸಂಬಳ ಕೊಡಲು ರೈಲ್ವೆಯೂ ತನ್ನದೇ ನೋಟು ಅಚ್ಚು ಹಾಕಿತು. ಇಲ್ಲಿ ಸೊನ್ನೆ ಓದುವಾಗ ಎಡವುವುದು ಬಲು ಸುಲಭ. ಜರ್ಮನ್‌ನಲ್ಲಿ ‘ಮಿಲ್ಯಾರ್ಡೆ’ ಅಂದರೆ ನೂರು ಕೋಟಿ. ‘ಬಿಲ್ಯೋನ್’ ಅಂದರೆ ಲಕ್ಷ ಕೋಟಿ, ಇಂಗ್ಲಿಷಿನ ಬಿಲಿಯನ್ ಅಲ್ಲ. ಈ ಒಂದು ಪದವನ್ನು ತಪ್ಪಾಗಿ ಓದಿದರೆ ಮೊತ್ತ ಸಾವಿರ ಪಟ್ಟು ಬದಲಾಗುತ್ತದೆ. 1923ರ ನವೆಂಬರ್ 15ರಂದು ರೆಂಟನ್‌ಮಾರ್ಕ್ ಎಂಬ ಹೊಸ ಹಣ ಬಂದಾಗ ಅದರ ಒಂದು ಮಾರ್ಕಿಗೆ ಹಳೆಯ ಕಾಗದದ ಒಂದು ಲಕ್ಷ ಕೋಟಿ ಮಾರ್ಕ್. ಅದೇ ತಿಂಗಳು ಡಾಲರಿನ ದರ 4.2 ಲಕ್ಷ ಕೋಟಿಗೆ ಮುಟ್ಟಿತ್ತು. ಅದೇ ವರ್ಷದ ಕೊನೆಯಲ್ಲಿ ಬಂದ ಇನ್ನೊಂದು ಬಗೆಯಿದೆ, ಚಿನ್ನದ ಮಾರ್ಕ್ ಮತ್ತು ಡಾಲರಿನ ಲೆಕ್ಕದಲ್ಲಿ ಮುಖಬೆಲೆ ಬರೆದದ್ದು. 0.42 ಚಿನ್ನದ ಮಾರ್ಕ್ ಎಂಬ ವಿಚಿತ್ರ ಮೊತ್ತ ಕಂಡರೆ ಗಾಬರಿ ಬೇಡ, ಅದು ಡಾಲರಿನ ಹತ್ತನೇ ಒಂದು ಭಾಗ. ಬೆಲೆ ಉಳಿಸಿಕೊಂಡ ಇಂಥವನ್ನು ಜನ ಹಿಂತಿರುಗಿಸಿ ಹಣ ಪಡೆದರು. ಹಾಗಾಗಿ ಉಳಿದದ್ದು ಕಡಿಮೆ, ಬೆಲೆ ಮೇಲೆ. ಕೋಟಿಗಟ್ಟಲೆ ಮಾರ್ಕಿನ ನೋಟುಗಳಾದರೋ ಹಿಂತಿರುಗಿಸಲು ಅರ್ಥವೇ ಇಲ್ಲದೆ ಮನೆಮನೆಯಲ್ಲಿ ಉಳಿದವು. ಸೊನ್ನೆ ಜಾಸ್ತಿ ಇದೆ ಎಂದು ಇವಕ್ಕೆ ಹೆಚ್ಚು ಕೊಡಬೇಕಾಗಿಲ್ಲ. ವಿನ್ಯಾಸದ ಆಸಕ್ತಿ ಇದ್ದವರು ಈ ವರ್ಷದಿಂದ ಒಂದನ್ನಾದರೂ ಇಟ್ಟುಕೊಳ್ಳುವುದಾದರೆ ಥ್ಯೂರಿಂಗನ್ ರಾಜ್ಯ ಬ್ಯಾಂಕಿಗೆ ಬೌಹೌಸ್ ಎಂಬ ವಿನ್ಯಾಸ ಶಾಲೆಯ ಹರ್ಬರ್ಟ್ ಬಾಯರ್ ರೂಪಿಸಿದ ನೋಟನ್ನು ನೋಡಿ. ಬಳ್ಳಿ, ಹೂವು, ಕಿರೀಟ ಏನೂ ಇಲ್ಲ. ದಪ್ಪ ಅಕ್ಷರ, ಅಂಕಿ, ಬಣ್ಣದ ನೆಲ.

ಬಟ್ಟೆಯ ನೋಟಿಗೆ ಬೀಲೆಫೆಲ್ಡ್ ಒಂದೇ ಸಾಕು. ನಾರುಬಟ್ಟೆಯ ನೇಯ್ಗೆಗೆ ಹೆಸರಾದ ಊರು. ಅಲ್ಲಿನ ಉಳಿತಾಯ ಬ್ಯಾಂಕಿನ ಮುಖ್ಯಸ್ಥ ಪೌಲ್ ಹಾಂಕೆ ರೇಷ್ಮೆ, ನಾರುಬಟ್ಟೆ, ಮಖಮಲ್ಲಿನ ಮೇಲೂ ನೋಟು ಅಚ್ಚು ಹಾಕಿಸಿದರು. ಅಂಚಿಗೆ ಕಸೂತಿಯ ಪಟ್ಟಿ ಹೊಲಿದವೂ ಇವೆ. ಬೆಲೆ ಕಾಗದದ ನೋಟಿನ ಹತ್ತಾರು ಪಟ್ಟು, ಮತ್ತು ಅದು ತಕ್ಕ ಬೆಲೆಯೇ. ಕೊಳ್ಳುವಾಗ ನೋಡಬೇಕಾದ್ದು ಮಡಿಕೆ: ಹಳೆಯ ರೇಷ್ಮೆ ಮಡಿಸಿದ ಗೆರೆಯಲ್ಲೇ ಸೀಳುತ್ತದೆ. ನೋಟನ್ನು ಬೆಳಕಿಗೆ ಹಿಡಿದು ತೆಗೆದ ಫೋಟೋದಲ್ಲಿ ಸೂಜಿಮೊನೆಯಂಥ ಬೆಳಕಿನ ಚುಕ್ಕಿಗಳು ಒಂದು ಗೆರೆಯಲ್ಲಿ ಸಾಲಾಗಿ ಕಂಡರೆ ಆ ಪ್ರತಿ ಬೇಡ. ಅಂಚಿನ ಎಳೆ ಬಿಟ್ಟಿದ್ದರೆ ಕತ್ತರಿ ಹಾಕಬೇಡಿ, ತೊಳೆಯಬೇಡಿ, ಇಸ್ತ್ರಿಯಂತೂ ದೂರವೇ ಇರಲಿ.

ನಕಲಿ ಎಲ್ಲಿ ಹುಟ್ಟುತ್ತದೆ? ಅಗ್ಗದ ನೋಟಿಗೆ ಯಾರೂ ನಕಲು ಮಾಡುವ ಕಷ್ಟಪಡುವುದಿಲ್ಲ. ಬೇಡಿಕೆ ಇರುವವಕ್ಕೆ ಮರುಮುದ್ರಣ ಬರುತ್ತದೆ. ಅದನ್ನು ಮೊದಲು ಮಾರಿದವರು ಮರುಮುದ್ರಣ ಎಂದೇ ಹೇಳಿರಬಹುದು, ಮೂರನೇ ಕೈಗೆ ಬರುವಷ್ಟರಲ್ಲಿ ಆ ಮಾತು ಬಿದ್ದುಹೋಗಿರುತ್ತದೆ. ಪರೀಕ್ಷೆಗೆ ಎರಡು ಸಾಮಾನು ಸಾಕು: 10 ಪಟ್ಟಿನ ಭೂತಗನ್ನಡಿ, 365 ನ್ಯಾನೋಮೀಟರಿನ ಯುವಿ ಟಾರ್ಚ್. ಕತ್ತಲಲ್ಲಿ ಟಾರ್ಚ್ ಬಿಟ್ಟಾಗ ಕಾಗದ ನೀಲಿ-ಬಿಳಿಯಾಗಿ ಹೊಳೆದರೆ ಅದು 1920ರ ಕಾಗದವಲ್ಲ. ಹಾಗೆ ಹೊಳೆಯುವ ಬಿಳುಪುಕಾರಕಗಳು ಕಾಗದಕ್ಕೆ ಬಂದದ್ದು ಎರಡನೇ ಮಹಾಯುದ್ಧದ ಆಸುಪಾಸಿನ ನಂತರ. ಹಳೆಯ ಕಾಗದ ಮಂಕಾಗಿ, ತಿಳಿ ಹಳದಿಯಾಗಿ ಸುಮ್ಮನಿರುತ್ತದೆ. ಭೂತಗನ್ನಡಿಯಲ್ಲಿ ಅಕ್ಷರದ ಅಂಚು ನೋಡಿ. ಅಚ್ಚುಮೊಳೆಯಲ್ಲಿ ಒತ್ತಿದ ಅಕ್ಷರಕ್ಕೆ ಅಂಚಿನಲ್ಲಿ ಮಸಿಯ ಗಾಢ ಗೆರೆ, ಹಿಂಬದಿಯಲ್ಲಿ ತುಸು ಉಬ್ಬು. ಇಂಕ್‌ಜೆಟ್ಟಿನಲ್ಲಿ ಅಕ್ಷರವೂ ಬಣ್ಣದ ಚುಕ್ಕಿಗಳಾಗಿ ಚದುರುತ್ತದೆ. ಚಿತ್ರದಲ್ಲಿ ಚುಕ್ಕಿ ಕಂಡಮಾತ್ರಕ್ಕೆ ನಕಲಿ ಎನ್ನಬೇಡಿ, ಆ ಕಾಲದಲ್ಲೂ ಚುಕ್ಕಿಯಚ್ಚು ಇತ್ತು; ಕ್ರಮಸಂಖ್ಯೆ, ಸಹಿ ಕೂಡ ಅದೇ ಚುಕ್ಕಿಯಲ್ಲಿದ್ದರೆ ಮಾತ್ರ ಅನುಮಾನ ಪಡಿ.

ನಕಲಿಗಿಂತ ಹೆಚ್ಚು ಮೋಸ ನಡೆಯುವುದು ಸ್ಥಿತಿಯ ವಿಷಯದಲ್ಲಿ. ‘ಕಾಸನ್‌ಫ್ರಿಶ್’ ಅಂದರೆ ಖಜಾನೆಯಿಂದ ಈಗಷ್ಟೇ ಬಂದಂತಿರುವುದು, ದರ್ಜೆ ಒಂದು. ಈ ದರ್ಜೆಯ ಬೆಲೆ ಕೇಳುವ ನೋಟಿನ ಹಿಂಬದಿಯಲ್ಲಿ ಅಂಟಿನ ಹೊಳಪಿದೆಯೇ ನೋಡಿ. ಹಳೆಯ ಆಲ್ಬಮ್ಮಿನಿಂದ ಕಿತ್ತದ್ದರ ಗುರುತು ಅದು. ಮೂಲೆಗಳು ಅತಿ ಚೂಪಾಗಿದ್ದು ಸುತ್ತಲಿನ ಬಿಳಿ ಅಂಚು ಒಂದು ಕಡೆ ತೆಳುವಾಗಿದ್ದರೆ, ಸವೆದ ಅಂಚನ್ನು ಯಾರೋ ಕತ್ತರಿಸಿದ್ದಾರೆ. ಅದೇ ಸರಣಿಯ ಇನ್ನೊಂದು ನೋಟಿನ ಮೇಲಿಟ್ಟರೆ ಒಂದೆರಡು ಮಿಲಿಮೀಟರ್ ಕಡಿಮೆ ಬರುತ್ತದೆ. ಆದ್ದರಿಂದ ಫೋಟೋ ಕೇಳುವಾಗ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆಯಲು ಹೇಳಿ. ಒತ್ತಿ ನೇರ ಮಾಡಿದ ನೋಟಿನಲ್ಲಿ ಅಚ್ಚಿನ ಉಬ್ಬು ಸತ್ತಿರುತ್ತದೆ, ಮೈ ಸಪಾಟಾಗಿ ಮಿನುಗುತ್ತದೆ. ‘ಎಂಟ್‌ವೆರ್ಟೆಟ್’ ಅಥವಾ ‘ಉನ್‌ಗುಲ್ಟಿಗ್’ ಎಂಬ ಠಸ್ಸೆ, ಇಲ್ಲವೇ ತೂತು ಇದ್ದರೆ ಅದು ಊರೇ ರದ್ದು ಮಾಡಿದ ಪ್ರತಿ. ‘ಮುಸ್ಟರ್’ ಎಂದಿದ್ದರೆ ಮಾದರಿ ಪ್ರತಿ. ಇವು ಹಾಳಾದವಲ್ಲ, ಆದರೆ ಬೇರೆ ವರ್ಗ. ಅದಕ್ಕೆ ತಕ್ಕ ಬೆಲೆ ಕೊಡಬೇಕು.

ತಂದ ಮೇಲೆ ಇಡುವುದು ಹೇಗೆ ಎಂಬುದಕ್ಕೆ ಯುದ್ಧಕಾಲದ ಕಾಗದ ಎಂಥದೆಂದು ಗೊತ್ತಿದ್ದರೆ ಸಾಕು. ಮರದ ತಿರುಳಿನ ಕಾಗದ, ಒಳಗೇ ಆಮ್ಲ ಇಟ್ಟುಕೊಂಡದ್ದು. ಬಿಸಿಲು, ಸೆಕೆ, ತೇವ ಮೂರೂ ಅದನ್ನು ಕಂದಾಗಿಸಿ ಪುಡಿ ಮಾಡುತ್ತವೆ. ಪಿವಿಸಿ ಕವರಿನಲ್ಲಿ ಹಾಕಬೇಡಿ. ಕೆಲವು ವರ್ಷದಲ್ಲಿ ಅದು ಜಿಗುಟಾಗಿ ಅಚ್ಚಿನ ಮಸಿಯನ್ನು ಎತ್ತಿಕೊಳ್ಳುತ್ತದೆ. ಹೊಸ ಪ್ಲಾಸ್ಟಿಕ್ಕಿನ ಘಾಟು ಹೊಡೆಯುವ ಕವರ್ ಬಂದರೆ ಪಿವಿಸಿ ಎಂದೇ ಭಾವಿಸಿ ಹಿಂತಿರುಗಿಸಿ. ಪಾಲಿಯೆಸ್ಟರ್ ಕವರ್ ತುಸು ದುಬಾರಿ, ಅದೇ ಬೇಕು. ತೇವಾಂಶ ಶೇ. 40–50ರಲ್ಲಿದ್ದರೆ ಕಂದು ಚುಕ್ಕಿ ಏಳುವುದಿಲ್ಲ. ಕೊಳೆಯಾಗಿದೆ ಎಂದು ನೀರು ಮುಟ್ಟಿಸಿದರೆ ನೇರಳೆ ಠಸ್ಸೆಯ ಮಸಿ ಆ ಕ್ಷಣವೇ ಹರಡುತ್ತದೆ, ಮತ್ತೆ ತೆಗೆಯಲಾಗದು. ಸೆಲ್ಲೋಟೇಪು, ಲ್ಯಾಮಿನೇಷನ್, ಕಬ್ಬಿಣದ ಕ್ಲಿಪ್ಪು, ರಬ್ಬರ್ ಬ್ಯಾಂಡು ಯಾವುದೂ ಬೇಡ. ಮೂಲ ಲಕೋಟೆ ಸಿಕ್ಕಿದ್ದರೆ ಅದನ್ನು ಜೋಪಾನವಾಗಿ ಇಡಿ, ಆದರೆ ನೋಟುಗಳನ್ನು ಅದರೊಳಗೇ ಬಿಡಬೇಡಿ. ಲಕೋಟೆಯ ಕಾಗದ ನೋಟಿನದಕ್ಕಿಂತ ಕಳಪೆ, ಅಂಚಿನ ಗೋಂದು ಕಂದಾಗಿ ಮೊದಲನೇ ಮತ್ತು ಕೊನೇ ನೋಟಿನ ಮೇಲೆ ಓರೆಗೆರೆಯ ಕಲೆ ಬಿಡುತ್ತದೆ. ಲಕೋಟೆಗೆ ಒಂದು ಕವರ್, ನೋಟಿಗೆ ಒಂದೊಂದು ಕವರ್, ಎಲ್ಲ ಒಂದೇ ಪುಟದಲ್ಲಿ ಪಕ್ಕಪಕ್ಕ.